ಸೈಕಲ್ಲಿನ ಕ್ಯಾರಿಯರ್: ಬಿಲ್ಲಿನಲ್ಲಿ ಕಾಣದ ಒಂದು ಬಾಬ್ತು

ಸೈಕಲ್ ವ್ಯಾಪಾರಿಗಳ ಲೆಕ್ಕಪತ್ರಗಳನ್ನು ಪರಿಶೀಲಿಸುವಾಗ ಒಂದು ಸಂಗತಿ ಮೇಲಿಂದ ಮೇಲೆ ಗಮನಕ್ಕೆ ಬರುತ್ತದೆ. ಬಿಲ್ಲಿನಲ್ಲಿ ಸೈಕಲ್ಲಿನ ಮಾದರಿ, ಚಕ್ರದ ಅಳತೆ, ತೆರಿಗೆಯ ದರ ಎಲ್ಲವೂ ಸ್ಪಷ್ಟವಾಗಿ ನಮೂದಾಗಿರುತ್ತವೆ. ಕ್ಯಾರಿಯರ್ ಮತ್ತು ಬುಟ್ಟಿಗೆ ಮಾತ್ರ 'ಇತರೆ ಸಾಮಾನು ಸೇರಿ' ಎಂಬ ಒಂದೇ ಸಾಲು. ಕೆಲವು ಬಿಲ್ಲುಗಳಲ್ಲಿ ಆ ಸಾಲೂ ಇರುವುದಿಲ್ಲ. ಗಿರಾಕಿ ಒತ್ತಾಯಿಸಿದನೆಂದು ಉಚಿತವಾಗಿ ಬಿಗಿದು ಕಳುಹಿಸಿರುತ್ತಾರೆ. ಭಾರವನ್ನೆಲ್ಲ ಹೊರುವ ಭಾಗಕ್ಕೆ ಲೆಕ್ಕದಲ್ಲಿ ಜಾಗವಿಲ್ಲ. ಜಾಗವಿಲ್ಲದ ವಸ್ತುವಿನ ಗುಣಮಟ್ಟವನ್ನು ಯಾರೂ ಕೇಳುವುದಿಲ್ಲ ಎಂಬುದನ್ನು ವ್ಯಾಪಾರಿಗಳಾದ ನಮಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಹಿಂದೆ ಈ ಪ್ರಶ್ನೆ ಅಷ್ಟಾಗಿ ಏಳುತ್ತಿರಲಿಲ್ಲ. 1949ರಲ್ಲಿ ಸ್ಥಾಪನೆಯಾದ ಮದರಾಸಿನ ಟಿ.ಐ. ಸೈಕಲ್ಸ್, 1951ರ ಸೋನಿಪತ್‌ನ ಅಟ್ಲಾಸ್, 1956ರ ಲೂಧಿಯಾನದ ಹೀರೋ ಮುಂತಾದ ಕಂಪನಿಗಳ ಕಪ್ಪು ಸೈಕಲ್ಲುಗಳಿಗೆ ದಪ್ಪ ಕಬ್ಬಿಣದ ಕ್ಯಾರಿಯರ್, ಹಿಂದಿನ ಚಕ್ರವನ್ನು ಎತ್ತಿ ನಿಲ್ಲಿಸುವ ಸ್ಟ್ಯಾಂಡ್, ಪೂರ್ಣ ಮಡ್‌ಗಾರ್ಡ್ ಇವೆಲ್ಲ ಇರುವುದೇ ರೂಢಿಯಾಗಿತ್ತು. ಹಿಂದಿನ ಚಕ್ರಕ್ಕೆ 40 ಕಡ್ಡಿ, ಮುಂದಿನದಕ್ಕೆ 32. ಭಾರವೆಲ್ಲ ಹಿಂದೆಯೇ ಬೀಳುತ್ತದೆ ಎಂದು ತಿಳಿದೇ ಮಾಡಿದ ಏರ್ಪಾಡು ಅದು. ಇಂದು ಪೇಟೆಯಲ್ಲಿ ಹೆಚ್ಚಾಗಿ ಕಾಣುವ ದಪ್ಪ ಟೈರಿನ, ಗೇರಿನ ಸೈಕಲ್ಲುಗಳು ಕ್ಯಾರಿಯರ್ ಇಲ್ಲದೆಯೇ ಬರುತ್ತವೆ. ಹಲವಕ್ಕೆ ಅದನ್ನು ಬಿಗಿಯುವ ತೂತು ಕೂಡ ಫ್ರೇಮಿನಲ್ಲಿರುವುದಿಲ್ಲ. ಕೊಂಡವನು ಮರುದಿನ ಪಕ್ಕದ ರಿಪೇರಿ ಅಂಗಡಿಗೆ ಹೋಗಿ, ಅಲ್ಲಿ ತೂಗುಹಾಕಿರುವುದರಲ್ಲಿ ಅಗ್ಗವಾದ ಒಂದನ್ನು ಹಾಕಿಸಿಕೊಳ್ಳುತ್ತಾನೆ. ಕುದುರೆ ಕೊಂಡವನು ಲಗಾಮಿಗೆ ಚೌಕಾಸಿ ಮಾಡಿದ ಹಾಗೆ.

ಇದು ಸೈಕಲ್ ಸವಾರನ ಸ್ವಂತ ವಿಷಯ, ವಾಣಿಜ್ಯ ಮಂಡಳಿಯ ಪತ್ರಿಕೆಗೆ ಇದರಿಂದೇನು ಎಂದು ಕೆಲವರಿಗೆ ಅನಿಸಬಹುದು. ನಮ್ಮ ಅಂಗಡಿಗಳ ಸಂಜೆಯ ವ್ಯವಹಾರವನ್ನು ಒಮ್ಮೆ ನೆನಪಿಸಿಕೊಳ್ಳಬೇಕೆಂದು ಕೋರುತ್ತೇನೆ. ಕೆಲಸದ ಹುಡುಗ ಬೆಳಿಗ್ಗೆ ತನ್ನ ಸೈಕಲ್ಲಿನಲ್ಲಿ ಬರುತ್ತಾನೆ. ಕ್ಯಾರಿಯರ್ ಮೇಲೆ ಊಟದ ಡಬ್ಬಿಯಷ್ಟೇ ಇರುತ್ತದೆ. ರಾತ್ರಿ ಅಂಗಡಿ ಮುಚ್ಚುವಾಗ ಮಾಲೀಕರು, "ಹೇಗೂ ಆ ದಾರಿಯಲ್ಲೇ ಹೋಗುತ್ತೀಯಲ್ಲಪ್ಪ, ಮೇಷ್ಟರ ಮನೆಗೆ ಈ ಅಕ್ಕಿ ಮೂಟೆ ಇಳಿಸಿ ಹೋಗು" ಎನ್ನುತ್ತಾರೆ. ಆ ಕ್ಷಣದಲ್ಲಿ ಅವನ ಸ್ವಂತ ಸೈಕಲ್ಲು ನಮ್ಮ ಸರಕು ಸಾಗಣೆಯ ವಾಹನವಾಗುತ್ತದೆ. ಅದಕ್ಕೆ ಬಾಡಿಗೆಯಿಲ್ಲ, ಓಚರ್ ಇಲ್ಲ. ಆ ಕ್ಯಾರಿಯರ್ ಎಷ್ಟು ಭಾರಕ್ಕೆ ಮಾಡಿದ್ದು ಎಂದು ಮಾಲೀಕರಿಗೂ ಗೊತ್ತಿರುವುದಿಲ್ಲ, ಹುಡುಗನಿಗೂ ಗೊತ್ತಿರುವುದಿಲ್ಲ.

ಆದ್ದರಿಂದ ಆಯ್ಕೆಯ ಮೊದಲ ಹೆಜ್ಜೆ ತೂಕ. ತಕ್ಕಡಿ ನಮ್ಮ ಅಂಗಡಿಯಲ್ಲಿಯೇ ಇದೆ. ಸರಕನ್ನು ಗಿರಾಕಿಗಾಗಿ ತೂಗುತ್ತೇವೆಯೇ ಹೊರತು ಹೊರುವವನಿಗಾಗಿ ತೂಗುವುದಿಲ್ಲ. ಟಿಫಿನ್ ಡಬ್ಬಿ, ನೀರಿನ ಬಾಟಲಿ, ಮಳೆಯ ಕೋಟು ಸೇರಿದರೆ ಮೂರು ನಾಲ್ಕು ಕಿಲೋ. ಎರಡು ಲೆಡ್ಜರು ಮತ್ತು ಓಚರು ಕಡತಗಳು ಸೇರಿದರೆ ಅದು ಏಳೆಂಟು ಕಿಲೋಗೆ ಏರುತ್ತದೆ. 20 ಲೀಟರಿನ ನೀರಿನ ಕ್ಯಾನು ತುಂಬಿದಾಗ 20 ಕಿಲೋ ಮೀರುತ್ತದೆ. ಮನೆಬಳಕೆಯ ಅಡುಗೆ ಅನಿಲದ ಸಿಲಿಂಡರಿನಲ್ಲಿ ಅನಿಲವೇ 14.2 ಕಿಲೋ, ಖಾಲಿ ಸಿಲಿಂಡರಿನ ತೂಕ ಸೇರಿದರೆ ಸುಮಾರು 30 ಕಿಲೋ. ಇಬ್ಬದಿಗೆ ಕೊಕ್ಕೆಯಲ್ಲಿ ಒಂದೊಂದನ್ನು ತೂಗುಹಾಕಿದರೆ 60. ಇನ್ನು ಅಕ್ಕಿಯ ಮೂಟೆಯದು ಸ್ವಾರಸ್ಯಕರ ಕಥೆ. 2022ರ ಜುಲೈ 18ರಿಂದ 25 ಕಿಲೋವರೆಗಿನ, ಮೊದಲೇ ಕಟ್ಟಿ ಚೀಟಿ ಅಂಟಿಸಿದ ಅಕ್ಕಿಗೆ ಶೇ. 5ರ ಜಿಎಸ್‌ಟಿ ಬಂದಿತು. ಮಾರುಕಟ್ಟೆ ಅದಕ್ಕೆ ನೀಡಿದ ಉತ್ತರ 26 ಕಿಲೋ ಮೂಟೆ. ಸೈಕಲ್ಲಿನ ಒಳ್ಳೆಯ ಕ್ಯಾರಿಯರುಗಳ ಮೇಲೆ ಸಾಮಾನ್ಯವಾಗಿ ಕಾಣುವ ಗರಿಷ್ಠ ಮುದ್ರೆ 25 ಕಿಲೋ. ತೆರಿಗೆಯ ಮಿತಿಯಿಂದ ತಪ್ಪಿಸಿಕೊಂಡ ಆ ಒಂದು ಕಿಲೋ ಕ್ಯಾರಿಯರಿನ ಮಿತಿಯನ್ನು ಮೀರಿ ಕುಳಿತಿದೆ!

ಒಂದು ಕಿಲೋ ಹೆಚ್ಚಾದ ಮಾತ್ರಕ್ಕೆ ಕ್ಯಾರಿಯರ್ ಮುರಿದು ಬೀಳುವುದಿಲ್ಲ, ನಿಜ. ಆದರೆ ನಿಂತ ಸೈಕಲ್ಲಿನ ಮೇಲಿನ ಭಾರ ಬೇರೆ, ಓಡುವ ಸೈಕಲ್ಲಿನ ಮೇಲಿನ ಭಾರ ಬೇರೆ. ಚಕ್ರ ಗುಂಡಿಗೆ ಇಳಿದು ಎದ್ದಾಗ ಕ್ಯಾರಿಯರಿನ ಕಾಲುಗಳ ಮೇಲೆ ಬೀಳುವ ಒತ್ತಡ ಕ್ಷಣಕಾಲ ಎರಡು ಪಟ್ಟು ದಾಟುವುದು ಅಸಾಧ್ಯವಲ್ಲ. ನಮ್ಮ ರಸ್ತೆಗಳ ಉಬ್ಬುತಗ್ಗುಗಳ ಬಗ್ಗೆ ಬರೆಯಹೊರಟರೆ ಈ ಲೇಖನ ಮುಗಿಯಲಾರದು. ಮುದ್ರೆಯ ತೂಕವನ್ನು ಪೂರ್ಣವಾಗಿ ತುಂಬಬೇಕಾದ ಗುರಿಯೆಂದು ಭಾವಿಸದೆ, ಪ್ರತಿದಿನದ ಭಾರ ಅದರ ಮುಕ್ಕಾಲು ಪಾಲನ್ನು ಮೀರದಂತೆ ಕ್ಯಾರಿಯರ್ ಆರಿಸಿಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ. ಮುದ್ರೆಯೇ ಇಲ್ಲದ ಕ್ಯಾರಿಯರನ್ನು ಡಬ್ಬಿ ಮತ್ತು ಪುಸ್ತಕಕ್ಕೆ ಮಾತ್ರ ಬಳಸುವುದು ಕ್ಷೇಮ.

ಎರಡನೆಯ ಪ್ರಶ್ನೆ ಭಾರ ಎಲ್ಲಿ ಕೂರುತ್ತದೆ ಎಂಬುದು. ಲೆಕ್ಕದವನಾದ ಕಾರಣ ಒಂದು ಸಣ್ಣ ಲೆಕ್ಕವನ್ನೇ ಮುಂದಿಡುತ್ತೇನೆ. ಸೈಕಲ್ಲಿನ ಎರಡು ಚಕ್ರಗಳ ಅಚ್ಚುಗಳ ನಡುವಿನ ಅಂತರ ಸುಮಾರು 110 ಸೆಂಟಿಮೀಟರ್ ಎಂದು ಇಟ್ಟುಕೊಳ್ಳೋಣ. 26 ಕಿಲೋ ಮೂಟೆಯ ನಡುಭಾಗ ಹಿಂದಿನ ಅಚ್ಚಿನ ನೇರ ಮೇಲೆ ಬಂದರೆ ಇಡೀ ಭಾರ ಹಿಂದಿನ ಚಕ್ರದ ಮೇಲೆ. ಮುಂದಿನ ಚಕ್ರಕ್ಕೆ ಯಾವ ವ್ಯತ್ಯಾಸವೂ ಇಲ್ಲ. ಅದೇ ಮೂಟೆಯ ನಡುಭಾಗ ಅಚ್ಚಿಗಿಂತ 30 ಸೆಂಟಿಮೀಟರ್ ಹಿಂದೆ ಸರಿದರೆ ಹಿಂದಿನ ಚಕ್ರಕ್ಕೆ 33 ಕಿಲೋ ಬೀಳುತ್ತದೆ ಮತ್ತು ಮುಂದಿನ ಚಕ್ರದಿಂದ 7 ಕಿಲೋ ಎದ್ದುಹೋಗುತ್ತದೆ. ಮುಂದಿನ ಚಕ್ರ ಹಗುರವಾದಷ್ಟೂ ಹ್ಯಾಂಡಲ್ ಹಿಡಿತ ತಪ್ಪುತ್ತದೆ, ಏರುದಾರಿಯಲ್ಲಿ ಚಕ್ರವೇ ಎದ್ದು ನಿಲ್ಲಲು ನೋಡುತ್ತದೆ. ಸರಕೂ ಅದೇ, ಕ್ಯಾರಿಯರೂ ಅದೇ, ಇಟ್ಟ ಜಾಗ ಮಾತ್ರ ಬೇರೆ. ಕ್ಯಾರಿಯರ್ ಕೊಳ್ಳುವಾಗ ಅದರ ಹಲಗೆ ಸೀಟಿನ ಹತ್ತಿರಕ್ಕೆ ಬರುತ್ತದೆಯೇ, ಇಲ್ಲವೇ ಬಾಲದಂತೆ ಹಿಂದಕ್ಕೆ ಚಾಚಿದೆಯೇ ಎಂದು ನೋಡಬೇಕಾದುದು ಇದಕ್ಕಾಗಿಯೇ. ಉದ್ದನೆಯ ಕ್ಯಾರಿಯರ್ ಕಣ್ಣಿಗೆ ಲಾಭವಾಗಿ ಕಾಣುತ್ತದೆ, ಕಾಲಿಗಲ್ಲ.

ಎತ್ತರವೂ ಇಷ್ಟೇ ಮುಖ್ಯ. ಒಂದರ ಮೇಲೊಂದು ಪೇರಿಸಿದ ಭಾರಕ್ಕಿಂತ ಇಬ್ಬದಿಗೆ ಇಳಿಬಿಟ್ಟ ಭಾರ ಸವಾರನ ಮಾತು ಕೇಳುತ್ತದೆ. ಹೇರೆತ್ತಿನ ಬೆನ್ನ ಮೇಲೆ ಹಸುಬೆಯನ್ನು ಎರಡು ಬದಿಗೂ ಸಮತೂಕವಾಗಿ ತೂಗುಬಿಡುತ್ತಿದ್ದ ನಮ್ಮ ಹಿಂದಿನ ವರ್ತಕರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಇಂದು ಕ್ಯಾನ್ವಾಸಿನಲ್ಲಿಯೋ ಗೋಣಿಯಲ್ಲಿಯೋ ಹೊಲಿದ ಅಂತಹ ಜೋಡಿ ಚೀಲಗಳನ್ನು ಯಾವ ದರ್ಜಿಯೂ ಮಾಡಿಕೊಡಬಲ್ಲ. ಎಚ್ಚರ ವಹಿಸಬೇಕಾದ ಅಂಶ ಎರಡೇ. ಪೆಡಲ್ ತುಳಿಯುವಾಗ ಹಿಮ್ಮಡಿ ಚೀಲಕ್ಕೆ ತಾಗಬಾರದು. ಚೀಲದ ಒಳಬದಿ ಕಡ್ಡಿಗಳೊಳಗೆ ಸಿಲುಕದಂತೆ ಕ್ಯಾರಿಯರಿಗೆ ಪಕ್ಕದ ಕಂಬಿ ಇರಬೇಕು.

ಮುಂದಿನ ಬುಟ್ಟಿಯ ವಿಚಾರದಲ್ಲಿ ಇನ್ನೂ ಜಾಗರೂಕತೆ ಬೇಕು. ಹ್ಯಾಂಡಲಿಗೆ ಮಾತ್ರ ಸಿಕ್ಕಿಸುವ ಬುಟ್ಟಿ ಹ್ಯಾಂಡಲ್ ತಿರುಗಿದಂತೆಲ್ಲ ತಾನೂ ತಿರುಗುತ್ತದೆ. ಅದರಲ್ಲಿರುವ ಭಾರ ತಿರುವಿನಲ್ಲಿ ಹ್ಯಾಂಡಲನ್ನು ಒಂದು ಬದಿಗೆ ಎಳೆಯುತ್ತದೆ, ನಿಲ್ಲಿಸಿದಾಗ ಸೈಕಲ್ಲನ್ನೇ ಮಗುಚುತ್ತದೆ. ಇಂತಹ ಬುಟ್ಟಿಗೆ ನಾಲ್ಕೈದು ಕಿಲೋ ಸಾಕು: ತರಕಾರಿ, ಕೈಚೀಲ, ಬಾಗಿಲು ಬಾಗಿಲಿಗೆ ಇಳಿದು ಕೊಡುವ ಚಿಕ್ಕ ಪೊಟ್ಟಣಗಳು. ತಳದಿಂದ ಎರಡು ಕಡ್ಡಿಗಳು ಇಳಿದು ಮುಂದಿನ ಅಚ್ಚಿಗೆ ಕೂಡುವ ಬುಟ್ಟಿಯಾದರೆ ಭಾರ ಹ್ಯಾಂಡಲಿನಿಂದ ಅಚ್ಚಿಗೆ ಇಳಿಯುತ್ತದೆ, ಇನ್ನಷ್ಟು ತಡೆಯುತ್ತದೆ. ಬ್ರಿಟನ್ನಿನ ಕಟುಕರು, ಬೇಕರಿಯವರು ಹಿಂದೆ ಬಳಸುತ್ತಿದ್ದ ಸರಕು ಸೈಕಲ್ಲಿನಲ್ಲಿ ಬುಟ್ಟಿಯ ಚೌಕಟ್ಟು ಫ್ರೇಮಿಗೇ ಸೇರಿರುತ್ತಿತ್ತು. ಹ್ಯಾಂಡಲ್ ತಿರುಗಿದರೂ ಬುಟ್ಟಿ ತಿರುಗುತ್ತಿರಲಿಲ್ಲ. ದೊಡ್ಡ ಬುಟ್ಟಿಗೆ ಜಾಗ ಮಾಡಲೆಂದು ಮುಂದಿನ ಚಕ್ರವನ್ನೇ ಚಿಕ್ಕದಾಗಿ ಮಾಡುತ್ತಿದ್ದರು. ಫ್ರೇಮಿನ ನಡುವೆ ಅಂಗಡಿಯ ಹೆಸರಿನ ಫಲಕವೂ ಇರುತ್ತಿತ್ತು. ಅಂದರೆ ಸೈಕಲ್ಲು, ಬುಟ್ಟಿ ಎರಡೂ ಅಂಗಡಿಯ ಆಸ್ತಿ. ಹುಡುಗನದು ತುಳಿಯುವ ಕೆಲಸ ಮಾತ್ರ. ಈ ಮಾತಿಗೆ ಮುಂದೆ ಬರುತ್ತೇನೆ.

ಕ್ಯಾರಿಯರನ್ನು ಸೈಕಲ್ಲಿಗೆ ಹೇಗೆ ಬಿಗಿಯಲಾಗಿದೆ ಎಂಬುದರಲ್ಲಿ ಮೋಸ ಹೋಗುವವರೇ ಹೆಚ್ಚು. ಸೀಟಿನ ಕಂಬಕ್ಕೆ ಒಂದೇ ಕ್ಲಾಂಪಿನಿಂದ ಹಿಡಿದು ಗಾಳಿಯಲ್ಲಿ ಚಾಚಿ ನಿಲ್ಲುವ ಅಲ್ಯುಮಿನಿಯಂ ಕ್ಯಾರಿಯರ್ ನೋಡಲು ಅಂದವಾಗಿದೆ, ಎರಡು ನಿಮಿಷದಲ್ಲಿ ಕೂರುತ್ತದೆ. ಅದರ ಮಿತಿ ಹೆಚ್ಚೆಂದರೆ ಹತ್ತು ಕಿಲೋ ಆಸುಪಾಸು. ಅದರ ಮೇಲೆ ಮೂಟೆ ಇಟ್ಟರೆ ಕ್ಲಾಂಪು ತಿರುಗಿ ಭಾರ ಪಕ್ಕಕ್ಕೆ ವಾಲುತ್ತದೆ. ಸರಕು ಹೊರುವ ಕ್ಯಾರಿಯರಿಗೆ ನೆಲದ ಕಡೆಗೆ ಇಳಿಯುವ ಕಾಲುಗಳಿರಲೇಬೇಕು. ಆ ಕಾಲುಗಳು ಹಿಂದಿನ ಅಚ್ಚಿನ ನಟ್ಟಿಗೋ, ಅಚ್ಚಿನ ಬಳಿ ಫ್ರೇಮಿನಲ್ಲಿರುವ ತೂತಿಗೋ ಕೂಡಬೇಕು. ಮೇಲಿನ ತುದಿ ಸೀಟಿನ ಕೆಳಗಿನ ಫ್ರೇಮಿಗೆ ಎರಡೂ ಬದಿಯಲ್ಲಿ ಸೇರಬೇಕು. ಒಂದೊಂದು ಬದಿಗೆ ಎರಡು ಕಾಲಿದ್ದರೆ ಅಡ್ಡಕ್ಕೆ ಅಲುಗುವುದು ಕಡಿಮೆ. ಖಾಲಿ ಕ್ಯಾರಿಯರಿನ ಹಿಂತುದಿಯನ್ನು ಹಿಡಿದು ಎಡಕ್ಕೂ ಬಲಕ್ಕೂ ಅಲುಗಿಸಿ ನೋಡಿದರೆ ಅಂಗಡಿಯಲ್ಲಿಯೇ ಅರ್ಧ ಪರೀಕ್ಷೆ ಮುಗಿಯುತ್ತದೆ. ಸ್ಪ್ರಿಂಗ್ ವಾಷರ್ ಅಥವಾ ನೈಲಾನ್ ಇರುವ ಲಾಕ್ ನಟ್ಟು ಹಾಕಿಸಿ, ಮೊದಲ ವಾರದ ಓಡಾಟದ ನಂತರ ಇನ್ನೊಮ್ಮೆ ಬಿಗಿಸುವುದು ಅಗತ್ಯ; ಹೊಸದರಲ್ಲಿ ಎಲ್ಲ ನಟ್ಟುಗಳೂ ಸ್ವಲ್ಪ ಸಡಿಲಗೊಳ್ಳುತ್ತವೆ.

ಕಬ್ಬಿಣವೋ ಅಲ್ಯುಮಿನಿಯಮ್ಮೋ ಎಂಬ ಚರ್ಚೆಯಲ್ಲಿ ನಾನು ಕಬ್ಬಿಣದ ಪಕ್ಷ. ಅಲ್ಯುಮಿನಿಯಂ ಹಗುರ, ತುಕ್ಕು ಹಿಡಿಯದು, ಒಪ್ಪಿಕೊಳ್ಳುತ್ತೇನೆ. ಆದರೆ ಅದು ಸೀಳಿದರೆ ನಮ್ಮ ಊರುಗಳ ಸಾಮಾನ್ಯ ವೆಲ್ಡಿಂಗ್ ಅಂಗಡಿಯವನು ಅದನ್ನು ಮುಟ್ಟಲಾರ, ಹೊಸದನ್ನೇ ಕೊಳ್ಳಬೇಕು. ಕಬ್ಬಿಣದ ಕಾಲು ಬಿಟ್ಟುಕೊಂಡರೆ ಅರ್ಧ ಗಂಟೆಯ ಕೆಲಸ.

ಬುಟ್ಟಿಯ ವಸ್ತುವಿನ ವಿಷಯ ಬೇರೆ. ತಂತಿಯ ಬುಟ್ಟಿ ಗಟ್ಟಿಯಾದರೂ ಗಲಗಲ ಸದ್ದು ಮಾಡುತ್ತದೆ. ಬೆಸುಗೆಯ ಜಾಗದಲ್ಲಿ ತುಕ್ಕು ಹಿಡಿದು ತಂತಿ ಚೀಲವನ್ನು ಹರಿಯುತ್ತದೆ. ಚಿಕ್ಕ ಪೊಟ್ಟಣಗಳು ಕಿಂಡಿಯಿಂದ ಜಾರುತ್ತವೆ. ಪ್ಲಾಸ್ಟಿಕ್ ಕ್ರೇಟನ್ನು ಹಿಂದಿನ ಕ್ಯಾರಿಯರ್ ಮೇಲೆ ನಾಲ್ಕು ಕಡೆ ಬಿಗಿದುಕೊಂಡರೆ ಅದರಷ್ಟು ಅನುಕೂಲದ ಬುಟ್ಟಿ ಇನ್ನೊಂದಿಲ್ಲ: ಮಳೆಗೆ ಹೆದರದು, ತೊಳೆಯಬಹುದು. ಆದರೆ ಕ್ರೇಟಿನ ಅಗಲದಿಂದಾಗಿ ಕಾಲೆತ್ತಿ ಹತ್ತುವುದು ವಯಸ್ಸಾದವರಿಗೆ ಕಷ್ಟ, ಬಿಸಿಲಿನಲ್ಲಿ ವರ್ಷಗಟ್ಟಲೆ ನಿಂತರೆ ಪ್ಲಾಸ್ಟಿಕ್ಕು ಬಿರುಕುಬಿಡುತ್ತದೆ. ಮೇದರು ಹೆಣೆಯುವ ಬಿದಿರಿನ ಬುಟ್ಟಿ ಹೂವು, ಹಣ್ಣು, ತರಕಾರಿಗೆ ಇಂದಿಗೂ ಸರಿಸಾಟಿಯಿಲ್ಲದ್ದು. ಅದು ಹಗುರ, ಗಾಳಿಯಾಡುತ್ತದೆ, ಗುಂಡಿಯ ಪೆಟ್ಟನ್ನು ತಾನೇ ನುಂಗಿಕೊಳ್ಳುತ್ತದೆ. ಮಳೆಗಾಲದಲ್ಲಿ ಮಾತ್ರ ಒಳಗಿಟ್ಟು ಒಣಗಿಸಬೇಕು. 2017ರಲ್ಲಿ ಭಾರತೀಯ ಅರಣ್ಯ ಕಾಯಿದೆಗೆ ತಿದ್ದುಪಡಿ ತಂದು ಬಿದಿರನ್ನು ಮರದ ವ್ಯಾಖ್ಯೆಯಿಂದ ತೆಗೆದುಹಾಕಿದ ಬಳಿಕ ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಕಡಿದು ಸಾಗಿಸುವ ಹಾದಿ ಸುಗಮವಾಗಿದೆ. ಸೈಕಲ್ಲಿನ ಅಳತೆಗೆ, ತಳದಲ್ಲಿ ಎರಡು ಪಟ್ಟಿ ಕೂರುವಂತೆ ಹೆಣೆದ ಬುಟ್ಟಿಯನ್ನು ನಮ್ಮ ಯಾರಾದರೂ ಸದಸ್ಯರು ಸಗಟಾಗಿ ಮಾಡಿಸಿದರೆ ಮಾರಾಟವಾಗದೆ ಉಳಿಯದು.

ಕಟ್ಟುವ ವಿಷಯದಲ್ಲಿ ನಮ್ಮ ಜನ ಬಹು ಹಿಂದೆಯೇ ಉತ್ತರ ಕಂಡುಕೊಂಡಿದ್ದಾರೆ. ಹಳೆಯ ಟ್ಯೂಬನ್ನು ಸೀಳಿ ಮಾಡಿದ ಪಟ್ಟಿ ಹಗ್ಗಕ್ಕಿಂತ ಮೇಲು. ಸರಕು ಕುಸಿದರೂ ಪಟ್ಟಿ ಹಿಡಿದೇ ಇರುತ್ತದೆ. ತುದಿಯನ್ನು ಜೋತುಬಿಡಬಾರದು. ಕಡ್ಡಿಗೆ ಸುತ್ತಿಕೊಂಡರೆ ಚಕ್ರ ಅಲ್ಲಿಯೇ ನಿಂತುಬಿಡುತ್ತದೆ. ಭಾರ ಹೊರುವ ಸೈಕಲ್ಲಿಗೆ ಒಂಟಿ ಕಾಲಿನ ಸೈಡ್ ಸ್ಟ್ಯಾಂಡ್ ಸಲ್ಲದು, ಜೋಡಿ ಕಾಲಿನದೇ ಬೇಕು. ಸೈಕಲ್ಲು ಬೀಳುವ ಪ್ರಸಂಗಗಳಲ್ಲಿ ಹಲವು ಓಡುವಾಗ ಅಲ್ಲ, ಸರಕು ಏರಿಸುವಾಗಲೇ ಆಗುತ್ತವೆ.

ಇನ್ನು ಖರ್ಚು ಯಾರದು ಎಂಬ ಮಾತು. ನನ್ನ ಕಕ್ಷಿದಾರರಾದ ಕಿರಾಣಿ ಸಗಟು ವ್ಯಾಪಾರಿಯೊಬ್ಬರು ನಾಲ್ವರು ಕೆಲಸಗಾರರ ಸ್ವಂತ ಸೈಕಲ್ಲುಗಳಿಗೆ ಅಂಗಡಿಯ ಖರ್ಚಿನಲ್ಲಿ ಕಾಲುಳ್ಳ ಕ್ಯಾರಿಯರ್, ಜೋಡಿ ಸ್ಟ್ಯಾಂಡ್ ಹಾಕಿಸಿದರು. ಅವರ ಗುಮಾಸ್ತರು ಆ ಮೊತ್ತವನ್ನು ಮಾಲೀಕರ ಸ್ವಂತ ಖರ್ಚಿನ ಖಾತೆಗೆ ಬರೆದಿದ್ದರು, ದಾನ ಎಂಬ ಭಾವನೆಯಿಂದ. ಇದು ದಾನವಲ್ಲ; ಸರಕು ಸಾಗಣೆಗಾಗಿ ಮಾಡಿದ ವ್ಯಾಪಾರದ ವೆಚ್ಚ. ಬಿಲ್ಲು ಪಡೆದು, ಯಾರ ಸೈಕಲ್ಲಿಗೆ ಹಾಕಿದ್ದು ಎಂದು ಓಚರಿನಲ್ಲಿ ಬರೆದು, ಸಾಗಣೆ ವೆಚ್ಚದ ಖಾತೆಗೆ ಹಾಕುವುದೇ ಸರಿಯಾದ ಕ್ರಮ. ಕೆಲವು ನೂರು ರೂಪಾಯಿಗಳ ಈ ಬಾಬ್ತಿಗೆ ಹಿಂಜರಿಯುವವರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಉದ್ಯೋಗದ ನಿಮಿತ್ತ, ಉದ್ಯೋಗದ ಅವಧಿಯಲ್ಲಿ ಒದಗಿದ ಅಪಘಾತಕ್ಕೆ ಮಾಲೀಕನೇ ಪರಿಹಾರ ನೀಡಬೇಕೆಂಬ ತತ್ತ್ವ 1923ರ ಕಾಯಿದೆಯಿಂದಲೂ ನಡೆದುಬಂದಿದೆ; 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಮುಂದುವರಿದಿದೆ. ಅಲ್ಲಿ ಮುಖ್ಯವಾಗುವುದು ಅವನು ಯಾರ ಕೆಲಸದ ಮೇಲಿದ್ದ ಎಂಬುದೇ ವಿನಾ ಸೈಕಲ್ಲು ಯಾರದು ಎಂಬುದಲ್ಲ. 'ಮನೆಗೆ ಹೋಗುವ ದಾರಿಯಲ್ಲಿ ಕೊಟ್ಟು ಹೋಗು' ಎಂದು ನಾವೇ ಹೇಳಿ ಕಳುಹಿಸಿದ ಮೇಲೆ, ಅವನು ಮನೆಗೆ ಹೋಗುತ್ತಿದ್ದ ಎಂದು ವಾದಿಸುವುದು ನ್ಯಾಯಾಲಯದಲ್ಲಿಯೂ ಕಷ್ಟ, ಮನಸ್ಸಾಕ್ಷಿಯ ಮುಂದೆಯೂ ಕಷ್ಟ.

ನಮ್ಮ ಸಣ್ಣ ಕೈಗಾರಿಕಾ ಸದಸ್ಯರಿಗೆ ಇಲ್ಲಿ ಒಂದು ಅವಕಾಶವಿದೆ. ಕಂಬಿ ಬಗ್ಗಿಸಿ, ಬೆಸೆದು, ಬಣ್ಣ ಹಾಕುವ ಯಂತ್ರವಿರುವ ಯಾವ ಘಟಕವೂ ಕ್ಯಾರಿಯರ್ ತಯಾರಿಸಬಹುದು. ಆದರೆ ಪಕ್ಕದವರಿಗಿಂತ ಹತ್ತು ರೂಪಾಯಿ ಕಡಿಮೆಗೆ ಮಾಡುವ ಸ್ಪರ್ಧೆಗಿಳಿದರೆ ಮೊದಲು ತೆಳುವಾಗುವುದು ಕಂಬಿ. ಅದರ ಬದಲು ತೂಕದ ಮುದ್ರೆ ಒತ್ತಿ ಮಾರುವ ಕ್ರಮವನ್ನು ಏಕೆ ಅನುಸರಿಸಬಾರದು? ಜಪಾನಿನಲ್ಲಿ ಸೈಕಲ್ಲಿನ ಹಿಂದಿನ ಕ್ಯಾರಿಯರ್ ಮೇಲೆ 18, 25, 27 ಎಂಬಂತೆ ವರ್ಗದ ಮುದ್ರೆ ಇರುತ್ತದೆ. ಮಗುವಿನ ಆಸನ ಬಿಗಿಯುವ ತಾಯಂದಿರು ಅದನ್ನು ನೋಡಿಯೇ ಕೊಳ್ಳುತ್ತಾರೆ. ಸೈಕಲ್ ಕ್ಯಾರಿಯರಿಗೆಂದೇ ಐಎಸ್‌ಒ 11243 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಭಾರವಿಟ್ಟು ನಿಲ್ಲಿಸಿ ನೋಡುವುದಷ್ಟೇ ಅಲ್ಲದೆ, ಮೇಲಕ್ಕೂ ಕೆಳಕ್ಕೂ ಅಡ್ಡಕ್ಕೂ ಸತತವಾಗಿ ಅಲುಗಿಸುವ ಪರೀಕ್ಷೆಯೂ ಅದರಲ್ಲಿ ಸೇರಿದೆ. ಪರೀಕ್ಷೆ ಮಾಡದೆ ಮುದ್ರೆ ಮಾತ್ರ ಒತ್ತುವುದು ಮುದ್ರೆಯಿಲ್ಲದಿರುವುದಕ್ಕಿಂತ ಕೆಟ್ಟದ್ದು ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ತೆರಿಗೆಯ ಲೆಕ್ಕವೂ ಈಗ ಬದಲಾಗಿದೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲು ಹಾಗೂ ಅದರ ಬಿಡಿಭಾಗಗಳ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಕೊಳ್ಳುವ ಉಕ್ಕಿಗೆ ಮಾತ್ರ ಶೇ. 18. ಉದಾಹರಣೆಗೆ, ಒಂದು ಕ್ಯಾರಿಯರಿಗೆ 100 ರೂಪಾಯಿಯ ಕಚ್ಚಾ ಸಾಮಗ್ರಿ ಹಿಡಿದು 18 ರೂಪಾಯಿ ತೆರಿಗೆ ಕೊಟ್ಟಿರಿ. 180 ರೂಪಾಯಿಗೆ ಮಾರಿ 9 ರೂಪಾಯಿ ವಸೂಲು ಮಾಡಿದಿರಿ. ಉಳಿದ 9 ರೂಪಾಯಿ ಖಾತೆಯಲ್ಲಿ ಸಿಕ್ಕಿಬೀಳುತ್ತದೆ. ತಿಂಗಳಿಗೆ ಸಾವಿರ ಕ್ಯಾರಿಯರ್ ಮಾಡುವವನ ದುಡಿಯುವ ಬಂಡವಾಳದಲ್ಲಿ 9,000 ರೂಪಾಯಿ ಪ್ರತಿ ತಿಂಗಳೂ ಹೀಗೆ ನಿಂತುಹೋಗುತ್ತದೆ. ಇದನ್ನು ಮರುಪಾವತಿಗೆ ಕೇಳಲು ಕೇಂದ್ರ ಜಿಎಸ್‌ಟಿ ಕಾಯಿದೆಯ 54(3)ನೆಯ ಕಲಮಿನಲ್ಲಿ ಅವಕಾಶವಿದೆ. ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಮರುಪಾವತಿಯ ಸೂತ್ರದಲ್ಲಿ ಸೇರುವುದು ಕೊಂಡ ಸರಕಿನ ತೆರಿಗೆ ಮಾತ್ರ, ಸೇವೆಗಳದ್ದಲ್ಲ. 2021ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಬಣ್ಣದ ಕೆಲಸವನ್ನು ಹೊರಗೆ ಮಾಡಿಸಬೇಕೇ, ಒಳಗೆ ಮಾಡಿಕೊಳ್ಳಬೇಕೇ ಎಂದು ನಿರ್ಧರಿಸುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿರಿ. ರಾಜಿ ತೆರಿಗೆ ಪದ್ಧತಿಯಲ್ಲಿರುವ ತಯಾರಕರಿಗೆ ಹೂಡುವಳಿ ತೆರಿಗೆಯ ಜಮೆಯೇ ಇಲ್ಲವಾದ್ದರಿಂದ ಈ ಪ್ರಯೋಜನ ಸಿಗದು.

ಸೈಕಲ್ ವ್ಯಾಪಾರಿ ಸದಸ್ಯರಲ್ಲಿ ನನ್ನ ಕೋರಿಕೆ ಚಿಕ್ಕದು. ಕ್ಯಾರಿಯರನ್ನು ಉಚಿತವಾಗಿ ಕೊಡುವುದನ್ನು ನಿಲ್ಲಿಸಿ, ಬಿಲ್ಲಿನಲ್ಲಿ ಅದಕ್ಕೆ ಪ್ರತ್ಯೇಕ ಸಾಲು, ಪ್ರತ್ಯೇಕ ಬೆಲೆ, ಎಷ್ಟು ಕಿಲೋ ಎಂಬ ನಮೂದು ಹಾಕಿರಿ. ಬೆಲೆ ಕಂಡಾಗ ಗಿರಾಕಿ ಪ್ರಶ್ನೆ ಕೇಳುತ್ತಾನೆ. ಪ್ರಶ್ನೆ ಕೇಳುವ ಗಿರಾಕಿ ಇದ್ದರೆ ತಯಾರಕನಿಗೂ ಕಂಬಿ ದಪ್ಪ ಮಾಡಲು ಧೈರ್ಯ ಬರುತ್ತದೆ. ಉಳಿದ ಸದಸ್ಯರು ದಸರಾ, ದೀಪಾವಳಿಯ ಸರಕು ಬರುವುದಕ್ಕೆ ಮೊದಲು ತಮ್ಮ ಅಂಗಡಿಯ ಮುಂದೆ ನಿಲ್ಲುವ ಸೈಕಲ್ಲುಗಳ ಕ್ಯಾರಿಯರನ್ನು ಹಿಡಿದು ಒಮ್ಮೆ ಅಲುಗಿಸಿ ನೋಡಲಿ.